ಅಕ್ಕನ ಬಾಕಿ ಹನ್ನೊಂದು ದಿನ

ನಮ್ಮದು ಬಟ್ಟೆ ಒಗೆಯುವ ಕಾರ್ಖಾನೆ. ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟುಗಳೆಲ್ಲ ಇಲ್ಲಿಗೇ ಬರುತ್ತವೆ. ಒಗೆಯಲು, ಹಿಂಡಲು, ಇಸ್ತ್ರಿ ಮಾಡಲು ಯಂತ್ರಗಳಿವೆ. ಮಡಿಸಲು ಮಾತ್ರ ನಾವು. ಒಂದು ಬೆಡ್‌ಶೀಟಿಗೆ ಇಬ್ಬರು ಬೇಕು. ಆ ಕಡೆ ಎರಡು ಮೂಲೆ, ಈ ಕಡೆ ಎರಡು ಮೂಲೆ. ಕೊಡವಿ, ಬಿಗಿದು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಮೂರು ವರ್ಷ ನನ್ನ ಆ ಕಡೆ ನಿಂತವಳು ಅಕ್ಕ. ಒಡಹುಟ್ಟಿದವಳಲ್ಲ, ಆದರೆ ಒಡಹುಟ್ಟಿದವರಿಗಿಂತ ಹೆಚ್ಚು ಬೈದಿದ್ದಾಳೆ.

ನಾವೆಲ್ಲ ದಿನಗೂಲಿಯವರು. ಒಂದೂ ತಪ್ಪದೆ ಮುನ್ನೂರ ಅರವತ್ತೈದು ಹಾಜರಿ ಆದರೆ ಕಾಯಂ ಮಾಡುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ಕಾಯಂ ಆದವರು ಸತ್ತರೆ ಮಕ್ಕಳಿಗೆ ಅದೇ ಕಾಯಂ ಕೆಲಸ. ಅವನಿಗೆ ನಾವಿಟ್ಟ ಹೆಸರು ನಾಳೆರಾಯ. ಫ್ಯಾನ್ ಕೇಳಿದರೆ ನಾಳೆ, ಕುಡಿಯುವ ನೀರು ಕೇಳಿದರೆ ನಾಳೆ. ಎರಡು ಸಲ ನಾವು ಮುನ್ನೂರು ದಾಟುವಷ್ಟರಲ್ಲಿ, ಇವತ್ತು ಕೆಲಸವಿಲ್ಲ ಎಂದು ಗೇಟಿನಿಂದಲೇ ವಾಪಸು ಕಳಿಸಿ ಲೆಕ್ಕ ಮುರಿದಿದ್ದ. ಆಮೇಲೆ ಯಾರಿಗೂ ಕೆಲಸದಲ್ಲಿ ಮನಸ್ಸಿರಲಿಲ್ಲ. ಕೈ ಆಡುತ್ತಿತ್ತು, ಅಷ್ಟೆ. ಅಕ್ಕ ಒಬ್ಬಳೇ ಹಟ ಬಿಡದೆ ಮತ್ತೆ ಒಂದರಿಂದ ಎಣಿಸತೊಡಗಿದಳು.

ಹನ್ನೊಂದು ದಿನ ಬಾಕಿ ಇರುವಾಗ, ಒಂದು ಮಧ್ಯಾಹ್ನ ಇಸ್ತ್ರಿ ಯಂತ್ರದ ಝಳಕ್ಕೆ ಅವಳು ಕುಸಿದು ಬಿದ್ದಳು. ನಾನು ವ್ಯಾನು ಕೇಳಿದೆ. "ಶಿಫ್ಟ್ ಮುಗೀಲಿ, ಕಳಿಸೋಣ," ಎಂದ ನಾಳೆರಾಯ. ಶಿಫ್ಟ್ ಮುಗಿಯುವ ಹೊತ್ತಿಗೆ ಅವಳ ತುಟಿ ನೀಲಿಯಾಗಿತ್ತು. ವ್ಯಾನಿನಲ್ಲಿ ನನ್ನ ಕೈ ಹಿಡಿದು, "ನನ್ನ ದಿನ ಮುರಿಯೋಕೆ ಬಿಡಬೇಡ ಕಣೇ. ಮಗಳಿಗಾದ್ರೂ ಕಾಯಂ ಆಗ್ಲಿ," ಎಂದಳು.

"ಬಿಡಲ್ಲಕ್ಕ," ಎಂದೆ. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು. ನಾಳೆರಾಯನ ಬಾಯಿಗೆ ಮಣ್ಣು ಬೀಳಲಿ. ವ್ಯಾನಿನವನೂ ದಿನಗೂಲಿಯೇ, ಅವಳು ಸತ್ತಳೆಂದು ಮೇಲಿನವರ ಮುಂದೆ ಅವನು ಬಾಯಿ ಬಿಡಲಿಲ್ಲ.

ನಮ್ಮ ಹಾಜರಿ ಎಂದರೆ ಗೇಟಿನ ಹಲಗೆಗೆ ನೇತು ಹಾಕಿದ ನಂಬರಿನ ಬಿಲ್ಲೆ. ಬಂದವರು ಅದನ್ನು ತಿರುಗಿಸಬೇಕು. ಮುಖ ಯಾರೂ ನೋಡುವುದಿಲ್ಲ. ಮಾರನೆಯ ದಿನ ಅಕ್ಕನ ಮಣ್ಣಿಗೆ ಹೊರಡುವ ಮುಂಚೆ ಇಸ್ತ್ರಿಯವಳಿಗೆ, "ಅಕ್ಕನ ಬಿಲ್ಲೆ ತಿರುಗ್ಸು, ಮರೀಬೇಡ," ಎಂದಿದ್ದೆ. ಅವಳು ಮರೆಯಲಿಲ್ಲ. ನನ್ನದನ್ನೂ ತಿರುಗಿಸು ಎನ್ನುವುದನ್ನು ನಾನೇ ಮರೆತೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ಅದರ ಮರುದಿನ ಎರಡೂ ಬಿಲ್ಲೆ ತಿರುಗಿಸಿ ಮೇಜಿನ ಬಳಿ ಒಬ್ಬಳೇ ನಿಂತೆ. ಆ ತುದಿಯನ್ನು ಮೇಜಿನ ಕೊಕ್ಕೆಗೆ ಸಿಕ್ಕಿಸಿ ಏಳೆಂಟು ಮಡಿಸಿದೆ, ಎಲ್ಲ ಸೊಟ್ಟ. ಮುಂದಿನದಕ್ಕೆ ಬಗ್ಗುವ ಮೊದಲೇ ಬಟ್ಟೆ ಆ ಕಡೆ ತಾನಾಗಿ ಮೇಲೆದ್ದಿತು. ಎರಡು ಸಲ ಕೊಡವಿತು. ಅಕ್ಕ ಯಾವಾಗಲೂ ಎರಡು ಸಲ ಕೊಡವುತ್ತಿದ್ದಳು, ಒಂದೇ ಸಾಕು ಎಂದು ನಾನು ಜಗಳವಾಡುತ್ತಿದ್ದೆ. ಎರಡು ಮೂಲೆಗಳು ಗಾಳಿಯಲ್ಲಿ ನನ್ನ ಕಡೆ ಬಂದವು. ಹಿಡಿಯದಿದ್ದರೆ ನೆಲಕ್ಕೆ ಬಿದ್ದು ಕೊಳೆಯಾಗುತ್ತದಲ್ಲ ಎಂದು ಹಿಡಿದೆ. ನನ್ನ ಬೆರಳಿಗೆ ತಾಗಿದ್ದು ಒದ್ದೆ ಬಟ್ಟೆಯಷ್ಟು ತಣ್ಣಗಿತ್ತು. ಹೆದರಿದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಸಂತೋಷವೂ ಆಯಿತು.

ಪಕ್ಕದವರು ತಮ್ಮ ಮೇಜನ್ನು ಎರಡು ಮಾರು ದೂರ ಎಳೆದುಕೊಂಡರು. ಇಸ್ತ್ರಿಯವಳು ಊಟದ ಹೊತ್ತಿಗೆ, "ಸತ್ರೂ ಬಿಡಲ್ವಲ್ಲೇ ಈ ಜಾಗ," ಎಂದು ಅರ್ಧಕ್ಕೇ ಡಬ್ಬಿ ಮುಚ್ಚಿದಳು.

ದಿನ ಕಳೆದಂತೆ ಆ ಕಡೆಯ ಕೈ ಚುರುಕಾಯಿತು. ನಾನು ನೀರಿಗೆ ಹೋಗಿ ಬಂದರೆ ಬಟ್ಟೆ ಅರ್ಧ ಎತ್ತಿಕೊಂಡೇ ಕಾಯುತ್ತಿರುತ್ತಿತ್ತು. "ಸ್ವಲ್ಪ ಕೂತ್ಕೋ ಅಕ್ಕ," ಎಂದೆ ಒಮ್ಮೆ. ಕೂರಲಿಲ್ಲ. ಬದುಕಿದ್ದಾಗಲೂ ನನ್ನ ಮಾತು ಕೇಳಿದವಳಲ್ಲ.

ಹನ್ನೊಂದೂ ಮುಗಿದವು. ಹನ್ನೆರಡನೆಯ ಬೆಳಿಗ್ಗೆ ನಾನು ಅವಳ ಬಿಲ್ಲೆ ಮುಟ್ಟಲಿಲ್ಲ. ಅದು ಆಗಲೇ ತಿರುಗಿತ್ತು.

ಅಂದೇ ಆರ್ಡರ್ ಬಂತು. ಇಡೀ ಹಾಲಿನಲ್ಲಿ ಕಾಯಂ ಆದವಳು ಅಕ್ಕ ಒಬ್ಬಳೇ. ನನಗೆ ನಾಳೆರಾಯ, "ಒಂದು ದಿನ ತಪ್ಪಿಸಿದ್ದೀಯ. ಇನ್ನು ಬರಬೇಡ," ಎಂದ. ಆದರೂ ಅಕ್ಕನ ಮಗಳಿಗೆ ದಾರಿಯಾಯಿತಲ್ಲ ಎಂದು ಓಡಿದೆ. ತಾರೀಖು ಯಾರು ನೋಡುತ್ತಾರೆ ಎಂದುಕೊಂಡು, ಆಸ್ಪತ್ರೆಯವರು ಕೊಟ್ಟ ಸಾವಿನ ಕಾಗದದ ಸಮೇತ ಅವಳನ್ನು ಕರೆತಂದು, ಹಾಲಿನ ಮೇಲಿರುವ ಅವನ ಗಾಜಿನ ಕೋಣೆಯಲ್ಲಿ ನಿಲ್ಲಿಸಿದೆ.

ಅವನು ಕಾಗದ ಓದಿ ಗಾಜಿನಾಚೆ ನೋಡಿದ. "ಸತ್ತಿದ್ದಾಳೆ ಅಂತೀಯ. ಹಾಗಾದ್ರೆ ಅಲ್ಲಿ ಮಡಿಸ್ತಿರೋದು ಯಾರು?"

ಕೆಳಗೆ ನಮ್ಮ ಮೇಜಿನ ಬಳಿ ಬಟ್ಟೆಯ ಒಂದು ತುದಿ ಎದೆಯೆತ್ತರಕ್ಕೆ ನಿಂತಿತ್ತು. ನನ್ನ ತುದಿ ನೆಲಕ್ಕೆ ಜೋತು ಬಿದ್ದಿತ್ತು.

"ಸಾರ್, ಬಿಲ್ಲೆ ತಿರುಗಿಸಿದ್ದು ನಾನು. ತಪ್ಪು ನಂದು, ನನ್ನನ್ನೇ ಪೊಲೀಸಿಗೆ ಕೊಡಿ. ಅವಳು ಸತ್ತಳು ಅಂತ ಬರ್ಕೊಂಡು ಮಗಳಿಗೆ ಕೆಲಸ ಕೊಡಿ," ಎಂದೆ.

"ನೀರಿಗೆ ಹೋಗಲ್ಲ. ಫ್ಯಾನ್ ಕೇಳಲ್ಲ. ಇಂಥವಳನ್ನ ಸತ್ತಳು ಅಂತ ಬರ್ಕೊಳ್ಳೋಕೆ ನನಗೇನು ಹುಚ್ಚಾ?"

ಮಾತಾಡುತ್ತಾ ತಿರುಗಿದರೆ ಮಗಳು ಪಕ್ಕದಲ್ಲಿಲ್ಲ. ಮೆಟ್ಟಿಲಿಳಿದು ಮೇಜಿನ ಹತ್ತಿರ ಹೋಗಿ, ಜೋತು ಬಿದ್ದ ಎರಡು ಮೂಲೆಗಳನ್ನು ಎತ್ತಿಕೊಂಡಿದ್ದಳು. ಬಟ್ಟೆ ಎರಡು ಸಲ ಕೊಡವಿತು. ಮಗಳು ಮುಂದೆ ನಡೆದಳು, ಆ ತುದಿಯೂ ಬಂತು. ಕೂಡಿದಲ್ಲಿ ಅವಳು ತಲೆ ಬಾಗಿಸಿದಳು, ಆಮೇಲೆ ಮುಂದಿನ ಬಟ್ಟೆ ಎತ್ತಿಕೊಂಡಳು.

"ಕೈ ಓಡುತ್ತೆ ಇವಳಿಗೆ," ಎಂದ ನಾಳೆರಾಯ. "ನಿನ್ನ ನಂಬರು ಖಾಲಿ ಇದೆಯಲ್ಲ, ದಿನಗೂಲಿಗೆ ಇರಲಿ. ಒಂದು ವರ್ಷ ತಪ್ಪದೆ ಬಂದ್ರೆ ಕಾಯಂ ಮಾಡೋಣ."

ನಾನು ಬಿದ್ದಂಬೀಳ ಕೆಳಗೆ ಓಡಿದೆ. "ಬಾ ಮಗಳೇ, ಹೋಗೋಣ. ಈ ಹಾಳು ಜಾಗ ಬೇಡ."

"ನೀವು ಹೋಗಿ ಚಿಕ್ಕಮ್ಮ," ಎಂದಳು, ನನ್ನ ಕಡೆ ನೋಡದೆ. "ನಾನು ಬಂದ್ರೆ ಅಮ್ಮ ಒಬ್ಬಳೇ ಆಗ್ತಾಳೆ."

ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ತಾಯಿ ಮಗಳು ಇಬ್ಬರನ್ನೂ ಇಲ್ಲಿ ಕಟ್ಟಿಹಾಕಿದೆನಲ್ಲ. ಖಾಲಿ ಗಾಳಿಯ ಮುಂದೆ ಕೈ ಮುಗಿದು ಬೇಡಿಕೊಂಡೆ. "ಅಕ್ಕ, ನಿನ್ನ ದಿನ ಮುಗೀತು. ಮಗಳನ್ನ ಬಿಟ್ಟು ಹೊರಡು."

ಬಟ್ಟೆ ನಡುದಾರಿಯಲ್ಲಿ ನಿಂತಿತು. ಆ ಕಡೆಯ ಎರಡು ಮೂಲೆಗಳು ನಡುಗತೊಡಗಿದವು. ನಿಧಾನವಾಗಿ ಕೆಳಕ್ಕೆ ಇಳಿದವು, ಇನ್ನೇನು ಬಿಟ್ಟೇಬಿಟ್ಟಳು ಎಂದುಕೊಂಡೆ.

ಮೇಲಿನಿಂದ ನಾಳೆರಾಯ ಉಂಗುರದ ಬೆರಳಿನಿಂದ ಗಾಜು ತಟ್ಟಿದ. ತಾಯಿ ಮಗಳು ಇಬ್ಬರೂ ಮಡಿಸತೊಡಗಿದರು.