ಮೂರನೆಯ ಸಿಲಿಂಡರು

ನಾಲ್ಕು ಸಿಲಿಂಡರಿನ ಹಳೆಯ ಕಾರು ಕಾಲು ಮುರಿದ ಕುದುರೆಯ ಹಾಗೆ ಕುಂಟುತ್ತಿತ್ತು. ಸ್ಪ್ಯಾನರ್ ಅತ್ತೆ ಇಕ್ಕಳದಿಂದ ಪ್ಲಗ್ ವೈರುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಮೊದಲನೆಯದನ್ನು ಎತ್ತಿದರೆ ಇಂಜಿನ್ನು ಮುಗ್ಗರಿಸಿತು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಗೆಯೇ. ಮೂರನೆಯದನ್ನು ಎತ್ತಿದಾಗ ಮಾತ್ರ ಕುಂಟು ಹೆಚ್ಚಲಿಲ್ಲ, ಕಮ್ಮಿಯೂ ಆಗಲಿಲ್ಲ. ತೆಗೆದರೂ ಗೊತ್ತಾಗದ್ದು ಯಾವುದೋ, ಕೆಲಸ ಬಿಟ್ಟಿರುವುದು ಅದೇ. ಅಪ್ಪ ಕಲಿಸಿದ ಲೆಕ್ಕ.

ಅಪ್ಪ ಹೋದಮೇಲೆ ಕೆಳಗಿನ ವರ್ಕ್‌ಶಾಪು ಅವಳದು, ಮೇಲಿನ ಮನೆ ಅಣ್ಣನದು. ಅಲ್ಲಿ ಅವಳಿಗೊಂದು ಕೋಣೆಯಿತ್ತು, ಊಟದ ಮೇಜಿನಲ್ಲಿ ಕುರ್ಚಿಯೂ ಇತ್ತು. ಆದರೆ ಈಚೆಗೆ ಅವಳು ಬಂದು ಕೂತರೆ ಅಲ್ಲಿ ನಡೆಯುತ್ತಿದ್ದ ಮಾತು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಸ್ಪ್ಯಾನರ್ ಅತ್ತೆ ಎಂದು ಅಡ್ಡಹೆಸರಿಟ್ಟ ಅಣ್ಣನ ಮಗಳಿಗೂ ಈಗ ತನ್ನದೇ ಲೋಕ. ದೂರದ ಊರಿನ ಗೆಳತಿ ತನ್ನ ವರ್ಕ್‌ಶಾಪಿಗೆ ಬಂದುಬಿಡು ಅಂದಿದ್ದಳು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು.

ಹಾಗಾಗಿ ಈ ಮಧ್ಯಾಹ್ನ ಅವಳು ತನ್ನದೇ ವೈರನ್ನೂ ಎತ್ತಿ ನೋಡಲು ಹೊರಟಿದ್ದಳು. ತಾನಾಗಿ ಊಟಕ್ಕೆ ಹೋಗುವುದಿಲ್ಲ. ಯಾರೂ ಕರೆಯದಿದ್ದರೆ ಗೆಳತಿಗೆ ಹೂಂ ಅಂದುಬಿಡುವುದು.

ಮೇಲೆ ಕುರ್ಚಿಗಳು ಕಿರುಗುಟ್ಟಿದವು, ತಟ್ಟೆಗಳು ಸದ್ದು ಮಾಡಿದವು. ಅಣ್ಣ ಯಾವುದಕ್ಕೋ ನಕ್ಕ. ಮನೆ ಒಂದಿಷ್ಟೂ ಮುಗ್ಗರಿಸಲಿಲ್ಲ.

ಅವಳು ಕಣ್ಣೊರೆಸಿಕೊಂಡು ಇಂಜಿನ್ನಿನ ಮೇಲೆ ಬಾಗಿದಳು. ಮೂಗಿಗೆ ಗ್ರೀಸು ಮೆತ್ತಿತು. ಬೆಳಿಗ್ಗೆಯೇ ಪ್ಲಗ್ಗು ಅದಲುಬದಲು ಮಾಡಿದ್ದಳು, ವೈರು ಹೊಸದು ಹಾಕಿದ್ದಳು, ಕಂಪ್ರೆಷನ್ನೂ ಸರಿಯಿತ್ತು. ಆದರೂ ಮೂರನೆಯದರದು ಅದೇ ಹಟ. ಅಜ್ಜಿಕತೆಯ ರಾಕ್ಷಸನ ಪ್ರಾಣ ಅವನ ಮೈಯಲ್ಲಿ ಎಲ್ಲಿರುತ್ತದೆ? ಅದು ಇನ್ನೆಲ್ಲೋ ಗಿಳಿಯೊಳಗೆ. ಅವಳು ಸಿಲಿಂಡರನ್ನು ಬಿಟ್ಟು, ಅದಕ್ಕೆ ಗಾಳಿ ಪೆಟ್ರೋಲು ತರುವ ಕೊಳವೆಯ ಬುಡ ನೋಡಿದಳು. ಅಲ್ಲಿನ ಸಂದಿಗೆ ಎಣ್ಣೆಡಬ್ಬಿಯಿಂದ ಎರಡು ತೊಟ್ಟು ಬಿಟ್ಟಳು. ಎಣ್ಣೆ ಸಂದಿ ಮುಚ್ಚಿದ ಅಷ್ಟು ಹೊತ್ತು ಇಂಜಿನ್ನು ನಾಲ್ಕೂ ಕಾಲಲ್ಲಿ ಓಡಿತು.

ಆ ಸಂದಿ ಮುಚ್ಚುವ ಗ್ಯಾಸ್ಕೆಟ್ ಬಿರಿದಿತ್ತು. ಹೊರಗಿನ ಗಾಳಿ ನುಗ್ಗಿ ಬೆಂಕಿ ಹತ್ತಗೊಡುತ್ತಿರಲಿಲ್ಲ. ಪಾಪ, ಮೂರನೆಯದರದ್ದೇನೂ ತಪ್ಪಿರಲಿಲ್ಲ.

ಬಿಚ್ಚಲೆಂದು ಅವಳು ಇಂಜಿನ್ನು ಆರಿಸಿದಳು.

ಮೇಲೆ ತಟ್ಟೆಗಳ ಸದ್ದೂ ನಿಂತಿತು. ಕಿಟಕಿ ತೆರೆಯಿತು. ಅತ್ತಿಗೆ ಸೌಟು ಹಿಡಿದೇ ಬಗ್ಗಿ ನೋಡಿದಳು.

"ಯಾಕೇ, ಸದ್ದು ನಿಂತೋಯ್ತು? ಏನಾದ್ರೂ ಮಾಡ್ಕೊಂಡ್ಯಾ?"

"ಇಲ್ಲ ಅತ್ತಿಗೆ. ಇದ್ದೀನಿ."

"ಗಾಡಿ ಗುರ್‌ಗುರ್ ಅಂತಿತ್ತು, ಅದಕ್ಕೇ ಕರೀಲಿಲ್ಲ. ಮಧ್ಯದಲ್ಲಿ ಕರೆದ್ರೆ ನೀನೂ ಗುರ್ ಅಂತೀಯಲ್ಲ. ಕೈ ತೊಳ್ಕೊಂಡು ಬಾ. ಮೂಗೂ ತೊಳ್ಕೋ."

ಇಂಜಿನ್ನು ಓಡುತ್ತಿದ್ದಷ್ಟು ಹೊತ್ತೂ, ಆ ಸದ್ದಾಗಿ, ತನ್ನ ವೈರು ಮನೆಗೆ ಸಿಕ್ಕಿಸಿಯೇ ಇತ್ತು ಎಂದು ಆಗ ಅವಳಿಗೆ ಹೊಳೆಯಿತು. ಇಷ್ಟು ವರ್ಷ ಮೆಕ್ಯಾನಿಕ್ಕಾಗಿ ಎಂಥ ಪರೀಕ್ಷೆ ಮಾಡಿದೆ ಎಂದು ತನ್ನನ್ನೇ ಬೈದುಕೊಂಡಳು. ಗೆಳತಿಗೆ ಬೇಸರವಾಗದಂತೆ ಹೇಗೆ ಹೇಳುವುದೆಂದು ಮೆಟ್ಟಿಲ ಮೇಲೆಯೇ ಮಾತು ಹೊಂದಿಸಿಕೊಂಡಳು.

ಒಳಗೆ ಹೋದಾಗ ಮಾತು ಎಂದಿನಂತೆ ಅದರ ಪಾಡಿಗೆ ನಡೆದಿತ್ತು, ಯಾರೂ ತಲೆಯೆತ್ತಲಿಲ್ಲ. ಅವಳ ಕುರ್ಚಿಯ ಮುಂದೆ ಬಡಿಸಿಟ್ಟ ತಟ್ಟೆಯ ಮೇಲೆ, ಆರದಿರಲೆಂದು, ಇನ್ನೊಂದು ತಟ್ಟೆ ಮುಚ್ಚಿತ್ತು.