ತಿಗರಿಯ ಮೇಲೊಂದು ಗುಡ್ಡ

೧೯೮೩. ಬೆಂಗಳೂರಿನಲ್ಲಿ ನನ್ನ ಪಿಎಚ್‌.ಡಿ.ಯ ಮೂರನೇ ವರ್ಷ. ತಿರುಗುವ ನೀರಿನ ತಳದಲ್ಲಿ ಗುಡ್ಡವಿದ್ದರೆ ಹರಿವು ಏನಾಗುತ್ತದೆಂದು ಕಾರ್ಡುಗಳಿಗೆ ತೂತು ಹೊಡೆದು ಕಂಪ್ಯೂಟರನ್ನು ಕೇಳುತ್ತಿದ್ದೆ. ಗುಡ್ಡದ ನೆತ್ತಿಯ ಮೇಲೆ ನೀರಿನದೇ ಒಂದು ಕಂಬ ನಿಲ್ಲುತ್ತದೆ, ಉಳಿದ ನೀರು ಅದನ್ನು ಬಳಸಿ ಹೋಗುತ್ತದೆ ಎಂದಿತು ಅದು. ನನ್ನ ಗೈಡ್ ಪರ್ವತಯ್ಯನವರು ಒಪ್ಪಲಿಲ್ಲ. ಕಂಪ್ಯೂಟರಿನೊಳಗೊಂದು ಗುಡ್ಡ, ಹೊರಗೊಂದು ಪರ್ವತ!

“ನೆಟ್ಟಗಿನ ಡಬ್ಬಿಯ ಮೇಲಾದ್ರೆ ಕಂಬ ನಿಲ್ಲುತ್ತೆ, ಸರೀಪ್ಪಾ, ಇಳಿಜಾರು ಗುಡ್ಡದ ಮೇಲೆ ಹೇಗೆ? ಕಣ್ಣಿಗೆ ತೋರಿಸು. ಇಲ್ಲಾ, ಮೊದಲಿಂದ ಶುರುಮಾಡು.”

ಮೂರು ವರ್ಷದ ಕೆಲಸ ನೀರುಪಾಲಾಗುವುದರಲ್ಲಿತ್ತು. ಕೊರಟಗೆರೆಯ ನಮ್ಮ ಬೀದಿಗೆ ಓಡಿಬಂದು ಕುಂಬಾರ ದೊಡ್ಡರಂಗಯ್ಯ ಮಾವನ ಮುಂದೆ ಇದನ್ನೆಲ್ಲ ಪರ್ವತಯ್ಯನವರ ಮೂಗಿನ ದನಿಯಲ್ಲೇ ಆಡಿ ತೋರಿಸಿದೆ. ಮಾವ ಕೆಮ್ಮುವಷ್ಟು ನಕ್ಕು, ಪ್ರಯೋಗಕ್ಕೆಂದು ತಾನು ಮಡಕೆ ಮಾಡುವ ತಿಗರಿ ಬಿಟ್ಟುಕೊಟ್ಟ.

ತಿಗರಿಯ ಮೇಲೆ ನೀರು ತುಂಬಿದ ಬೋಗುಣಿ, ಅದರೊಳಗೆ ಅಂಚಿನತ್ತ ಗುಡ್ಡದ ಬದಲಿಗೆ ಒಂದು ಬೋಳುಗಲ್ಲು. ಮಾವ ಕೋಲಿನಿಂದ ತಿರುಗಿಸಿದ. ನೀರು ಹದಕ್ಕೆ ಬರುವ ಮೊದಲೇ ನಾನು ಇಂಕು ಬಿಟ್ಟೆ. ನೀರಷ್ಟೂ ನೀಲಿಯಾಯಿತು. ನೀರು ಬದಲಿಸಿ ಮತ್ತೆ ಬಿಟ್ಟೆ. ಮತ್ತೆ ನೀಲಿ.

“ಏನ್ಲಾ, ಬಟ್ಟೆಗೆ ನೀಲಿ ಹಾಕಕ್ಕಾ ಇಷ್ಟು ಓದಿದ್ದು?”

ಮೂರನೇ ಸಲ ಬಹಳ ಹೊತ್ತು ಬರಿಯ ನೀರೇ ತಿರುಗುತ್ತಿತ್ತು, ಇಂಕು ಬಿಡಲು ಕೈ ಬರಲಿಲ್ಲ. ತಿಗರಿ ನಿಧಾನವಾಗುತ್ತಿದ್ದಾಗ ಮಾವನ ಹೆಂಡತಿ ಚಿಕ್ಕಹನುಮಕ್ಕತ್ತೆ ಒಳಗಿಂದ ಬಂದಳು.

“ಅಯ್ಯೋ, ಪೂಜೆ ಇಲ್ದಂಗೆ ತಿಗರಿ ತಿರುಗಿಸ್ಬುಟ್ರಾ! ನಿಮ್ ಕೈ ಸೇದೋಗ!”

ಅವರ ಮನೆಯಲ್ಲಿ ತಿಗರಿಯ ಮೇಲೆ ಹೊಸದೇನಿಟ್ಟರೂ ಮೊದಲು ಕುಂಕುಮ. ಅತ್ತೆ ಕಲ್ಲು ತನ್ನೆದುರು ಬರುವುದನ್ನೇ ಕಾದು ಒಂದು ಚಿಟಿಕೆ ಉದುರಿಸಿದಳು.

ಪಕ್ಕಕ್ಕೆ ಬಿದ್ದ ಕುಂಕುಮ ಕಲ್ಲನ್ನು ಬಳಸಿ ಹೊರಟಿತು. ನೆತ್ತಿಯ ಮೇಲೆ ಬಿದ್ದದ್ದು ಅಲ್ಲೇ ನೆಟ್ಟಗೆ ನಿಂತು, ಕಲ್ಲಿನ ಜೊತೆಗೇ ಸುತ್ತುತ್ತಿತ್ತು.

“ಅತ್ತೇ, ಕಂಬ!”

“ಯಾವ ಕಂಬಾನೋ, ಕೈ ಮುಗಿ ಮೊದ್ಲು.”

ಮುಗಿದೆ.

ನನ್ನ ಕಾಗದ ಓದಿ ಆ ಭಾನುವಾರ ಪರ್ವತಯ್ಯನವರೇ ಬಸ್ಸಿನಲ್ಲಿ ಬಂದರು. ಅತ್ತೆ ಅವರ ಬೂಟು ಬಿಚ್ಚಿಸಿ, ಕುಂಕುಮದ ಭರಣಿ ಕೈಗೆ ಕೊಟ್ಟಳು. ಅವರು ತಿಗರಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಉದುರಿಸಿದರು, ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇದನ್ನೇ ಬರಿ,” ಎಂದರು ನನಗೆ. ಆಮೇಲೆ ಮಾವನ ಕಡೆ ತಿರುಗಿ, ತೀರಾ ಮೆಲ್ಲಗೆ, “ಇನ್ನೊಂದೇ ಒಂದ್ಸಲ ತಿರುಗಿಸ್ತೀರಾ?”