ವೊಲ್ನೇ ಊರಿನ ಬಿಳಿ ದ್ರಾಕ್ಷಿ

ಫ್ರಾನ್ಸಿನ ವೊಲ್ನೇ ಊರಿನ ಹೆಸರು ಹಚ್ಚಿ ಮಾರಬೇಕಾದರೆ ವೈನ್ ಕೆಂಪಗಿರಬೇಕು, ಪಿನೋ ನ್ವಾರ್ ದ್ರಾಕ್ಷಿಯದೇ ಆಗಿರಬೇಕು. ಸೊಲಾಂಜಳ ಅಪ್ಪ ಅದರಲ್ಲಿ ಅಗ್ಗದ ಗಾಮೇ ದ್ರಾಕ್ಷಿ ಬೆರೆಸುತ್ತಾನೆಂದು ನೆರೆಯ ಎವ್ರಾರ್ ಸುಳ್ಳು ಹಬ್ಬಿಸಿದ. ಗಿರಾಕಿಗಳು ತಿರುಗಿ ನೋಡಲಿಲ್ಲ. ಅಪ್ಪ ಕೊರಗಿ ಸತ್ತ, ತೋಟ ಎವ್ರಾರನ ಪಾಲಾಯಿತು.

ಹನ್ನೊಂದು ವರ್ಷದ ಮೇಲೆ ಅದೇ ನೆಲಕ್ಕೆ ಹೊಸ ಬಳ್ಳಿ ನೆಡಲು ಅವನು ಸೊಲಾಂಜಳ ನರ್ಸರಿಗೇ ಬಂದ. ಅವಳಂತೆ ಕಸಿ ಕಟ್ಟುವವರು ಸುತ್ತಮುತ್ತ ಇರಲಿಲ್ಲ. ಅವನು ಕೇಳಿದ್ದು ಪಿನೋ ನ್ವಾರ್; ಅವಳು ನಗುನಗುತ್ತಲೇ ಪಿನೋ ಬ್ಲಾಂ ಸಸಿಗಳನ್ನು ಕೊಟ್ಟಳು. ಎಲೆ ನೋಡಿದರೆ ಎರಡೂ ಒಂದೇ, ಹಣ್ಣು ಮಾತ್ರ ಬಿಳಿ.

ಮೂರನೆಯ ವರ್ಷದ ಆಗಸ್ಟ್‌ನಲ್ಲಿ ಊರಿನ ತೋಟಗಳೆಲ್ಲ ಕೆಂಪೇರಿದವು. ಎವ್ರಾರ್ ಗೊಂಚಲು ಹಿಡಿದು ಓಡಿಬಂದ.

"ಏನೇ ಇದು? ಬಣ್ಣಾನೇ ಬಂದಿಲ್ಲ!"

"ಬಿಳಿ ದ್ರಾಕ್ಷಿಗೆ ಬಣ್ಣ ಎಲ್ಲಿಂದ ಬರುತ್ತೆ, ಯಜಮಾನ್ರೇ?"

"ಬೇಕೂಂತ್ಲೇ ಮಾಡಿದ್ಯಾ?"

"ಹೂಂ. ನಮ್ಮಪ್ಪನ ತೋಟದಲ್ಲಿ ಬೇರೆ ಜಾತಿ ಇದೆ ಅಂತಿದ್ರಲ್ಲ, ಆಗ ಇರ್ಲಿಲ್ಲ. ಈಗಿದೆ. ಹೋಗಿ, ಊರಿಗೆಲ್ಲ ಸಾರಿ."

ಚಳಿಗಾಲದಲ್ಲಿ ಅವನು ಬಳ್ಳಿಗಳನ್ನು ಬುಡಸಮೇತ ಕೀಳಿಸಿದ. ಸುದ್ದಿ ಹರಡಿ, ಸೊಲಾಂಜಳ ಬಳಿ ಮತ್ತಾರೂ ಸಸಿ ಕೊಳ್ಳಲಿಲ್ಲ. ನರ್ಸರಿಗೆ ಬೀಗ ಹಾಕಿದ ದಿನವೂ ಅವಳು ಹೊಟ್ಟೆ ತುಂಬ ಉಂಡಳು.